ಹಳೆಯ ಡಿಕ್ರಿಯ ನಕಲಿಗೆ ನ್ಯಾಯವಾದ ಬೆಲೆ ಎಷ್ಟು?

ಮಾನ್ಯ ಕಂದಾಯ ಸಚಿವರಿಗೆ ಮತ್ತು ಕರ್ನಾಟಕ ಉಚ್ಚ ನ್ಯಾಯಾಲಯದ ಮಾನ್ಯ ರಿಜಿಸ್ಟ್ರಾರ್ ಜನರಲ್ ಅವರಿಗೆ,



ಸ್ಥಿರಾಸ್ತಿಯ ಹಳೆಯ ಕಾಗದಪತ್ರಗಳು ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಎರಡು ಕಡೆ ಹಂಚಿಹೋಗಿವೆ. ಕ್ರಯ, ಅಡಮಾನ, ದಾನ, ವಿಭಾಗಪತ್ರಗಳ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿದೆ. ಪಾಲಿನ ದಾವೆಗಳ ತೀರ್ಪು, ಡಿಕ್ರಿ, ಕೋರ್ಟ್ ಕಮಿಷನರ್ ಹಾಕಿಕೊಟ್ಟ ನಕ್ಷೆ ಸಿವಿಲ್ ಕೋರ್ಟಿನ ರೆಕಾರ್ಡ್ ರೂಮಿನಲ್ಲಿವೆ. ಮೊದಲನೆಯದರ ಶುಲ್ಕವನ್ನು ಗೊತ್ತುಮಾಡುವುದು ಸರ್ಕಾರ. ಎರಡನೆಯದು ನಡೆಯುವುದು ಹೈಕೋರ್ಟಿನ ನಿಯಮಗಳಂತೆ. ಒಂದೇ ಜಮೀನಿನ ಕಥೆ ತಿಳಿಯಬೇಕಾದರೆ ಎರಡೂ ಬಾಗಿಲು ತಟ್ಟಬೇಕು. ಅದಕ್ಕಾಗಿ ಈ ಪತ್ರವನ್ನು ತಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹೆಚ್ಚಿನವು ಜಮೀನಿನ ಪಾಲಿನವು. ವಾದಪತ್ರ ಬರೆಯುವ ಮೊದಲೇ ಅವುಗಳಲ್ಲಿ ಒಂದು ಕೆಲಸ ಇರುತ್ತದೆ. ಅಜ್ಜನ ಕಾಲದ ಒಂದು ಕಾಗದವನ್ನು ಪತ್ತೆಹಚ್ಚಿ ಅದರ ದೃಢೀಕೃತ ನಕಲು ತರಬೇಕು. ಎಷ್ಟೋ ಸಲ ಆ ಒಂದು ಹಾಳೆಯ ಮೇಲೆಯೇ ಇಡೀ ಕೇಸು ನಿಂತಿರುತ್ತದೆ. ಆ ಹಾಳೆಗಾಗಿ ಜನ ಏನೇನು ತೆರುತ್ತಿದ್ದಾರೆ, ಎಷ್ಟು ತೆರುವುದು ನ್ಯಾಯ ಎಂಬುದನ್ನು ತಮ್ಮ ಮುಂದಿಡಬೇಕಾಗಿದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿಗೆ 1929ರಲ್ಲಿ ಒಂದು ವಿವರಣೆ ಸೇರಿತು. ಪತ್ರವೊಂದು ನೋಂದಣಿಯಾಗಿದ್ದರೆ ಅದರ ಸಂಗತಿ ಆ ಆಸ್ತಿಯನ್ನು ಮುಂದೆ ಕೊಳ್ಳುವವರಿಗೆ ತಿಳಿದಿದೆ ಎಂದೇ ಕೋರ್ಟು ಎಣಿಸುತ್ತದೆ. ಅವರು ಆ ಪತ್ರವನ್ನು ಕಣ್ಣಿನಿಂದ ಕಾಣದಿದ್ದರೂ, ಅಕ್ಷರವೇ ಬಾರದಿದ್ದರೂ, ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಡೆಯದು. ಅದೇ ಕಾಯ್ದೆಯ 52ನೇ ಕಲಮು ಇನ್ನೂ ಬಿಗಿ. ದಾವೆ ನಡೆಯುತ್ತಿರುವಾಗ ಆ ಜಮೀನನ್ನು ಕೊಂಡವರಿಗೆ ದಾವೆಯ ವಿಷಯ ತಿಳಿದಿತ್ತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಆಗುವ ಡಿಕ್ರಿಗೆ ಅವರೂ ಬದ್ಧರು. ಈ ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ. ಅವಿಲ್ಲದಿದ್ದರೆ ನೋಂದಣಿಗೂ ಡಿಕ್ರಿಗೂ ಬೆಲೆಯೇ ಉಳಿಯುತ್ತಿರಲಿಲ್ಲ. ಆದರೆ ತಿಳಿದಿರಲೇಬೇಕು ಎಂದು ಪ್ರಜೆಗೆ ಹೇಳುವ ರಾಜ್ಯವು ತಿಳಿದುಕೊಳ್ಳುವ ದಾರಿಯನ್ನು ಅವನ ಕೈಗೆಟಕುವಂತೆ ಇಡಬೇಕು. ಅದು ದಯೆಯಿಂದ ಮಾಡುವ ಉಪಕಾರವಲ್ಲ, ಆ ನಿಯಮದ ಜೊತೆಗೇ ಹುಟ್ಟಿದ ಹೊಣೆ.

ಹಿಂದೆ ಕಾನೂನು ಬರೆದವರಿಗೆ ಇದು ಗೊತ್ತಿತ್ತು. 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಮು, ಜನರಿಗೆ ನೋಡುವ ಹಕ್ಕಿರುವ ಸಾರ್ವಜನಿಕ ದಸ್ತಾವೇಜಿನ ನಕಲನ್ನು ಶುಲ್ಕ ಪಡೆದು ಕೊಡಲೇಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮು ಅದನ್ನೇ ಉಳಿಸಿಕೊಂಡಿದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಒಂದನೇ ಪುಸ್ತಕ, ಎರಡನೇ ಪುಸ್ತಕ ಮತ್ತು ಒಂದನೇ ಪುಸ್ತಕದ ಇಂಡೆಕ್ಸು ಶುಲ್ಕ ಕಟ್ಟಿದ ಯಾರಿಗೇ ಆದರೂ ನೋಡಲು ತೆರೆದಿರಬೇಕು. ಶುಲ್ಕ ಗೊತ್ತುಮಾಡುವ ಅಧಿಕಾರವನ್ನು 78ನೇ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಅದರ ಬೆನ್ನಿಗೇ 79ನೇ ಕಲಮು, ದರಪಟ್ಟಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿದರೆ ಸಾಲದು, ಅದರ ಪ್ರತಿಯನ್ನು ಇಂಗ್ಲಿಷಿನಲ್ಲೂ ಜಿಲ್ಲೆಯ ಭಾಷೆಯಲ್ಲೂ ಪ್ರತಿ ನೋಂದಣಿ ಕಚೇರಿಯಲ್ಲಿ ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು ಎನ್ನುತ್ತದೆ. ಕೇಳುವ ಮೊದಲೇ ದರ ಗೊತ್ತಿರಬೇಕು ಎಂಬ ತಿಳಿವಳಿಕೆ ನೂರು ವರ್ಷಕ್ಕೂ ಹಿಂದಿನದು. ನಾನು ಹೋಗಿಬರುವ ಕಚೇರಿಗಳಲ್ಲಿ ಆ ಪಟ್ಟಿಯನ್ನು ಹುಡುಕುವುದೇ ಇನ್ನೊಂದು ಕೆಲಸ.

ಈ ವಿಷಯ ಯಾರಿಗೆ ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ.

ಹಿರೇಕೆರೂರಿನ ಕಡೆ ಹುಟ್ಟಿ ದಾವಣಗೆರೆಗೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ತಂದೆ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಜಮೀನಿನಲ್ಲಿ ತನಗೂ ಪಾಲಿದೆಯೇ ಎಂದು ಅವಳು ಕೇಳುತ್ತಾಳೆ. ಕರ್ನಾಟಕವು ದೇಶಕ್ಕಿಂತ ಮೊದಲೇ, 1994ರ ಜುಲೈ 30ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಆ ದಿನ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಷ್ಟೆಲ್ಲ ಆದ ಮೇಲೂ ಒಂದು ಗೆರೆ ಉಳಿದಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿಹೋಗಿದ್ದರೆ ಅದನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಹಾಗಾಗಿ ಅವಳ ಹಕ್ಕೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಆ ದಿನಾಂಕಕ್ಕೆ ಮೊದಲು ಅಂಥ ಪತ್ರವೋ ಡಿಕ್ರಿಯೋ ಆಗಿತ್ತೇ?

ಉತ್ತರ ಬಲ್ಲ ಅಣ್ಣತಮ್ಮಂದಿರು ಹೇಳುವುದಿಲ್ಲ, ಇಲ್ಲವೇ ಎಲ್ಲ ಯಾವತ್ತೋ ಆಗಿಹೋಗಿದೆ ಎಂದಷ್ಟೇ ಹೇಳುತ್ತಾರೆ. ಕಾಗದಗಳೆಲ್ಲ ತವರಿನ ಟ್ರಂಕಿನಲ್ಲಿವೆ. ಅವಳು ಮೊಬೈಲಿನಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣ ತೆರೆಯುತ್ತಾಳೆ. ಋಣಭಾರ ಪತ್ರ, ಅಂದರೆ ಜನರ ಬಾಯಲ್ಲಿರುವ ಇ.ಸಿ., ಅಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಏಪ್ರಿಲ್ 1ರಿಂದ ಡಿಸೆಂಬರ್ 20ರ ನಡುವೆ ಒಂಬತ್ತು ತಿಂಗಳೂ ಇಲ್ಲ. ಅವಳ ಹಕ್ಕನ್ನು ತೀರ್ಮಾನಿಸುವ ಕಾಲವೆಲ್ಲ, ಈ ಕೆಲವು ತಿಂಗಳು ಬಿಟ್ಟರೆ, ಕಂಪ್ಯೂಟರಿನ ಆಚೆ ಉಳಿದಿದೆ. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಇಂಡೆಕ್ಸು ತೆಗೆಸಿ ಕೈಬರಹದ ಪುಸ್ತಕ ನೋಡಿಸಬೇಕು.

ಅಲ್ಲಿ ಏನೂ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ಅವಳು ನಿಶ್ಚಿಂತಳಾಗುವಂತಿಲ್ಲ. ಕೋರ್ಟಿನ ಡಿಕ್ರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ. ಕೋರ್ಟು ಹರಾಜಿನ ಮಾರಾಟ ಪ್ರಮಾಣಪತ್ರದ ಪ್ರತಿಯನ್ನು ನೋಂದಣಿ ಕಚೇರಿಗೆ ಕಳಿಸಬೇಕು ಎಂದು ನೋಂದಣಿ ಕಾಯ್ದೆಯ 89ನೇ ಕಲಮು ಹೇಳುತ್ತದೆಯೇ ಹೊರತು ಪ್ರತಿಯೊಂದು ಪಾಲಿನ ಡಿಕ್ರಿಗೂ ಆ ವ್ಯವಸ್ಥೆ ಇಲ್ಲ. ಆದ್ದರಿಂದ ಇ.ಸಿ. ಖಾಲಿ ಇದ್ದು ರೆಕಾರ್ಡ್ ರೂಮಿನಲ್ಲಿ ಡಿಕ್ರಿ ಇರಬಹುದು. ಅವಳು ಕೋರ್ಟಿಗೂ ಹೋಗಲೇಬೇಕು. ಕೋರ್ಟಿನ ನಕಲು ವಿಭಾಗ ಮೊದಲು ಕೇಳುವುದು ದಾವೆಯ ನಂಬರು ಮತ್ತು ವರ್ಷ. ತಿಳಿಯಲೆಂದು ಬಂದದ್ದನ್ನೇ ಅವಳು ಮೊದಲು ತಿಳಿಸಬೇಕು. ಜೊತೆಗೆ ಹಳೆಯ ದಾವೆಗಳಲ್ಲಿ ಹೆಣ್ಣುಮಕ್ಕಳನ್ನು ಪಕ್ಷಕಾರರಾಗಿ ಸೇರಿಸದೇ ಬಿಟ್ಟಿರುವುದುಂಟು. ಹಾಗಿದ್ದರೆ ತನ್ನ ತಂದೆಯ ಜಮೀನಿನ ದಾವೆಯಲ್ಲಿ ಅವಳು ಮೂರನೆಯವಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 20ನೇ ನಿಯಮ ತೀರ್ಪು, ಡಿಕ್ರಿಗಳ ನಕಲನ್ನು ಪಕ್ಷಕಾರರಿಗೆ ಅವರ ಖರ್ಚಿನಲ್ಲಿ ಕೊಡಬೇಕು ಎನ್ನುತ್ತದೆ. ಮೂರನೆಯವರು ಅಫಿಡವಿಟ್ ಹಾಕಿ ಕಾರಣ ತೋರಿಸಿ ಅನುಮತಿ ಪಡೆಯಬೇಕು. ಅಂದರೆ ವಕೀಲರು, ನೋಟರಿ, ಕಾಯುವಿಕೆ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎಂದು ಕೇಳುವವರಿದ್ದಾರೆ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. ನ್ಯಾಯಾಂಗದ ಕಡತದ ನಕಲು ಬೇಕಾದವರು ಆಯಾ ಹೈಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು ಎಂಬುದು ಆ ತೀರ್ಪು. ಅದನ್ನು ನಾನು ಒಪ್ಪಿಕೊಂಡೇ ಮಾತಾಡುತ್ತಿದ್ದೇನೆ. ಮಾಹಿತಿ ಹಕ್ಕಿನ ಕೇಂದ್ರ ನಿಯಮಗಳಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಎಂಬ ಎಲ್ಲರಿಗೂ ಗೊತ್ತಿರುವ ದರವಿದೆ. ಬೇರೆ ಸಂಸ್ಥೆಗಳು ಮನಬಂದಂತೆ ದರ ಏರಿಸಿದಾಗ, 2018ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟಿನ ನಿಯಮಗಳನ್ನು ಪರಿಶೀಲಿಸುತ್ತ ಸುಪ್ರೀಂ ಕೋರ್ಟೇ ಒಂದು ಮಿತಿ ಹಾಕಿತು: ಸಾಮಾನ್ಯವಾಗಿ ಅರ್ಜಿಗೆ 50 ರೂಪಾಯಿ, ಪುಟಕ್ಕೆ 5 ರೂಪಾಯಿ ಮೀರಬಾರದು. ಬಾಗಿಲು ಬೇರೆಯಾದರೂ ಈ ಅಳತೆಗೋಲು ಹೈಕೋರ್ಟಿನ ನಕಲು ನಿಯಮಗಳಿಗೂ ಸಲ್ಲಬೇಕು ಎಂಬುದು ನನ್ನ ವಿನಂತಿ.

ಆದರೆ ಪುಟದ ದರದ ಬಗ್ಗೆಯೇ ಮಾತಾಡಿ ಮುಗಿಸಿದರೆ ನಿಜವಾದ ಖರ್ಚನ್ನು ಮರೆತಂತೆ. ಹಳೆಯ ದಾಖಲೆಯ ವಿಷಯದಲ್ಲಿ ನಕಲು ಮಾಡುವುದು ಸಣ್ಣ ಕೆಲಸ, ಹುಡುಕುವುದು ದೊಡ್ಡ ಕೆಲಸ. ನಕಲುಗಾರರು ಕೈಯಲ್ಲಿ ಬರೆದುಕೊಡುತ್ತಿದ್ದ ಕಾಲದಲ್ಲಿ ನೂರು ಪದಕ್ಕೆ ಇಷ್ಟು ಎಂದು ದರ ಹಾಕುವುದಕ್ಕೆ ಅರ್ಥವಿತ್ತು. ಶ್ರಮ ಇದ್ದದ್ದು ಬರವಣಿಗೆಯಲ್ಲಿ. ಈಗ ಪುಟವೊಂದರ ಪ್ರತಿ ತೆಗೆಯಲು ಕೆಲವೇ ಕ್ಷಣ ಸಾಕು. ಶ್ರಮ ಇರುವುದು ಆ ಪುಟವನ್ನು ಹೊರತೆಗೆಯುವುದರಲ್ಲಿ. ಆದರೂ ನಮ್ಮ ಲೆಕ್ಕಾಚಾರವೆಲ್ಲ ಪುಟದ ಸುತ್ತಲೇ ಸುತ್ತುತ್ತಿದೆ.

ರೆಕಾರ್ಡ್ ರೂಮಿನ ಒಳಗೆ ಕೆಲಸ ಮಾಡುವವರನ್ನು ನಾನು ಬಲ್ಲೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಮಾಡಿನವರೆಗೂ ಏರಿರುತ್ತವೆ. ಮುನ್ಸೀಫ್ ಕೋರ್ಟು ಎಂದು ಕರೆಯುತ್ತಿದ್ದ ಕಾಲದ ಕಡತಗಳಲ್ಲಿ ದಾರ ಎಳೆದರೆ ಹಾಳೆಯ ಅಂಚು ಪುಡಿಯಾಗಿ ಉದುರುತ್ತದೆ. ಎಲ್ಲೋ ಗೆದ್ದಲು, ಎಲ್ಲೋ ಮಳೆಗಾಲದ ತೇವ. ಮೇಲ್ಮನವಿಯಾದಾಗ ಕಡತ ಜಿಲ್ಲಾ ಕೋರ್ಟಿಗೋ ಹೈಕೋರ್ಟಿಗೋ ಹೋಗಿರುತ್ತದೆ. ತಿರುಗಿ ಬಂತೇ ಎಂಬುದಕ್ಕೆ ಇನ್ನೊಂದು ರಿಜಿಸ್ಟರು ನೋಡಬೇಕು. ತಾಲ್ಲೂಕಿಗೆ ಹೊಸ ಕೋರ್ಟು ಬಂದಾಗ ಕೆಲವು ಕಡತ ಇಲ್ಲಿಗೆ ಬಂದವು, ಕೆಲವು ಅಲ್ಲೇ ಉಳಿದವು. 1997ರಲ್ಲಿ ಧಾರವಾಡದಿಂದ ಗದಗ ಮತ್ತು ಹಾವೇರಿ, ರಾಯಚೂರಿನಿಂದ ಕೊಪ್ಪಳ, ವಿಜಾಪುರದಿಂದ ಬಾಗಲಕೋಟೆ, ಮೈಸೂರಿನಿಂದ ಚಾಮರಾಜನಗರ, ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದವು. ಹಳೆಯ ಜಿಲ್ಲೆಯಲ್ಲಿ ತೀರ್ಮಾನವಾದ ದಾವೆಯ ಕಡತ ಯಾವ ಊರಿನಲ್ಲಿದೆ ಎಂಬುದೇ ಮೊದಲ ಹುಡುಕಾಟ. ಇದೆಲ್ಲವನ್ನೂ ಮಾಡುವವರು ದಿನದ ಉಳಿದ ಕೆಲಸಗಳ ನಡುವೆ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಧೂಳಿನಲ್ಲಿ ನಿಂತು ಮಾಡುತ್ತಾರೆ. ಅವರ ಆ ಶ್ರಮಕ್ಕೂ ಅಧಿಕೃತ ದರಕ್ಕೂ ಯಾವ ಸಂಬಂಧವೂ ಇಲ್ಲ.

ಬೆಲೆ ಕಟ್ಟದ ಶ್ರಮಕ್ಕೆ ಬೆಲೆ ಇಲ್ಲದೇ ಹೋಗುವುದಿಲ್ಲ, ಅದನ್ನು ಬೇರೆಯವರು ಕಟ್ಟುತ್ತಾರೆ. ಕೈಬಿಸಿ ಮಾಡಿದರೆ ಈ ವಾರವೇ ಕಡತ ಸಿಗುತ್ತದೆ, ಇಲ್ಲದಿದ್ದರೆ ಸಿಗುವಾಗ ಸಿಗುತ್ತದೆ ಎಂದು ಹೊರಗೆ ಹೇಳಿಕೊಡುವವರಿದ್ದಾರೆ. ಎಷ್ಟು ಕೊಡಬೇಕು ಎಂಬುದು ಕೇಳುವವರ ಚಪ್ಪಲಿ ನೋಡಿ ನಿರ್ಧಾರವಾಗುತ್ತದೆ. ರಸೀದಿ ಇಲ್ಲದ ಆ ಹಣದಲ್ಲಿ ಧೂಳಿನಲ್ಲಿ ನಿಂತವನಿಗೆ ಎಷ್ಟು, ನಡುವಿನವನಿಗೆ ಎಷ್ಟು ಎಂದು ಯಾರಿಗೂ ತಿಳಿಯದು. ಇದಕ್ಕೆ ನೌಕರರ ದುರಾಸೆಯೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಹುಡುಕುವುದು ಒಂದು ಕೆಲಸ ಎಂದು ನಿಯಮ ಸರಿಯಾಗಿ ಗುರುತಿಸದಿರುವುದೇ ದೊಡ್ಡ ಕಾರಣ. ಅದಕ್ಕೆ ಹೇಳುತ್ತಿದ್ದೇನೆ: ಹುಡುಕಾಟಕ್ಕೆ ನ್ಯಾಯವಾದ ದರ ಇಡಿ, ರಸೀದಿ ಕೊಡಿ, ಅದನ್ನು ಮಾಡಲು ಜನರನ್ನು ನೇಮಿಸಿ. ಶುಲ್ಕವೇ ಬೇಡ ಎಂದು ಕೇಳುವವರ ಸಾಲಿನಲ್ಲಿ ನಾನಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಸಾಮಾನ್ಯ ರೈತ ಆ 15 ರೂಪಾಯಿಯನ್ನು ದೂರಲಿಲ್ಲ. ಮೊದಲು ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಿ, ಅವರು ಹೇಳಿದ್ದನ್ನು ಕೊಟ್ಟು, ಮತ್ತೆ ಹೋಗಿ ತರುತ್ತಿದ್ದವನು ಅವನು. ಎಲ್ಲರಿಗೂ ಒಂದೇ ದರ, ಗೋಡೆಯ ಮೇಲೆ ಬರೆದ ದರ, ಆ ದರ ಕೊಟ್ಟರೆ ಕೆಲಸ ಆಗುತ್ತದೆ ಎಂಬ ಭರವಸೆ ಇದ್ದಾಗ ಜನ ಸಂತೋಷದಿಂದ ಕೊಡುತ್ತಾರೆ.

ಹುಡುಕಾಟದ ದರವನ್ನು ಹೇಗೆ ಕಟ್ಟುತ್ತೀರಿ ಎಂಬುದರಲ್ಲಿ ಮಾತ್ರ ಒಂದು ಎಚ್ಚರ ಬೇಕು. ಋಣಭಾರ ಪತ್ರಕ್ಕೆ ವರ್ಷದ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆ. ಹೆಚ್ಚು ವರ್ಷ ಹುಡುಕಿಸಿದರೆ ಹೆಚ್ಚು ಹಣ. ಮೇಲ್ನೋಟಕ್ಕೆ ಇದು ಸರಿ ಎನಿಸುತ್ತದೆ. ಆದರೆ ಯಾರು ಹೆಚ್ಚು ವರ್ಷ ಹುಡುಕಿಸುತ್ತಾರೆ? ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡ ಮನೆತನಕ್ಕೆ ದಸ್ತಾವೇಜಿನ ನಂಬರು, ಸಂಪುಟ, ಪುಟ ಎಲ್ಲವೂ ಗೊತ್ತು. ಒಂದು ಅರ್ಜಿಯಲ್ಲಿ ಅವರ ಕೆಲಸ ಮುಗಿಯುತ್ತದೆ. ‘ನಮ್ಮಪ್ಪ ಬರಗಾಲದ ವರ್ಷ ಮಾರಿದ್ದಂತೆ’ ಎಂದಷ್ಟೇ ಬಲ್ಲವರು ಇಪ್ಪತ್ತು ವರ್ಷದ ಪುಸ್ತಕ ತೆಗೆಸಬೇಕು. ಅತಿ ಕಡಿಮೆ ತಿಳಿದವರೇ ಅತಿ ಹೆಚ್ಚು ಕೊಡುವ ಲೆಕ್ಕ ಇದು. ಮಂಜೂರಾದ ಜಮೀನು ಕೈತಪ್ಪಿಹೋದ ದಲಿತ ಕುಟುಂಬ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಅದನ್ನು ಮರಳಿ ಕೇಳಬೇಕಾದರೆ ಮೂಲ ಮಂಜೂರಾತಿಯ ಕಡತ ಬೇಕು, ಸಾಗುವಳಿ ಚೀಟಿ ಬೇಕು, ಆಮೇಲೆ ಆದ ಕ್ರಯಗಳ ಸರಪಳಿ ಬೇಕು. 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7 ಹಾಕಿದ ಗೇಣಿದಾರನ ಮೊಮ್ಮಕ್ಕಳಿಗೆ ಭೂನ್ಯಾಯಮಂಡಳಿಯ ಆದೇಶ ಬೇಕು. ಇವರಲ್ಲಿ ಯಾರ ಮನೆಯಲ್ಲೂ ಕಬ್ಬಿಣದ ಪೆಟ್ಟಿಗೆ ಇರಲಿಲ್ಲ.

ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ 12ನೇ ಕಲಮು ಮಹಿಳೆಯರನ್ನೂ ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನೂ ಅಂಗವಿಕಲರನ್ನೂ ಕಾನೂನು ನೆರವಿಗೆ ಅರ್ಹರೆಂದು ಈಗಾಗಲೇ ಗುರುತಿಸಿದೆ. ಹುಡುಕಾಟದ ಶುಲ್ಕದ ವಿನಾಯಿತಿಗೆ ಹೊಸ ಪಟ್ಟಿ ಬೇಕಿಲ್ಲ, ಅದೇ ಪಟ್ಟಿ ಸಾಕು. ಉಳಿದವರಿಗೆ ವರ್ಷಕ್ಕೆ ಇಷ್ಟು ಎನ್ನುವ ಬದಲು ಒಂದು ಹುಡುಕಾಟಕ್ಕೆ ಇಷ್ಟು ಎಂದು ಒಮ್ಮೆ ಪಡೆಯಿರಿ.

ಹುಡುಕಿದರೂ ಸಿಗದಿದ್ದರೆ? ಇದು ಸಣ್ಣ ಪ್ರಶ್ನೆಯಲ್ಲ. ಮೂಲ ಕಳೆದುಹೋಗಿದೆ ಎಂದು ತೋರಿಸಿದರೆ ಎರಡನೆಯ ದರ್ಜೆಯ ಸಾಕ್ಷ್ಯ ಹಾಜರುಪಡಿಸಲು ಸಾಕ್ಷ್ಯ ಕಾನೂನು ದಾರಿ ಕೊಡುತ್ತದೆ. ಆ ದಾರಿ ಹಿಡಿಯಲು ಕಚೇರಿಯ ಹಿಂಬರಹ ಬೇಕು. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಯಾರಿಗೂ ಉಪಯೋಗಕ್ಕೆ ಬಾರದು. ಯಾವ ರಿಜಿಸ್ಟರು ನೋಡಿದರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಕಡತ ಬೇರೆಡೆಗೆ ಹೋಗಿತ್ತೇ, ನಿಯಮದಂತೆ ನಾಶಪಡಿಸಲಾಗಿತ್ತೇ, ಇಷ್ಟನ್ನೂ ಬರೆದು ಸಹಿ ಹಾಕಿದ ಹಿಂಬರಹ ಕೊಡಬೇಕು. ಶುಲ್ಕ ಕಟ್ಟಿದವರಿಗೆ ಅದು ಸಲ್ಲಬೇಕಾದ ಪ್ರತಿಫಲ. ಈಗ ಕೋರ್ಟಿನ ನಕಲಿನ ಹಿಂಬದಿಯಲ್ಲಿ ಅರ್ಜಿ ಹಾಕಿದ ದಿನ, ಹಣ ಕಟ್ಟಿದ ದಿನ, ನಕಲು ಸಿದ್ಧವಾದ ದಿನ ಬರೆಯುತ್ತಾರೆ. ನಕಲಿಗೆ ಹಿಡಿದ ಕಾಲವನ್ನು ಮೇಲ್ಮನವಿಯ ಅವಧಿಯಿಂದ ಕಳೆಯಬೇಕು ಎಂದು 1963ರ ಕಾಲಮಿತಿ ಕಾಯ್ದೆಯ 12ನೇ ಕಲಮು ಹೇಳುವುದರಿಂದ ಆ ದಿನಾಂಕಗಳಿಗೆ ಬೆಲೆ. ಅದೇ ಜಾಗದಲ್ಲಿ ಕಡತ ಕೇಳಿದ ದಿನ, ಕಡತ ಸಿಕ್ಕ ದಿನವನ್ನೂ ಬರೆಯುವುದು ಕಷ್ಟವೇನಲ್ಲ. ಆಗ ತಡ ಎಲ್ಲಾಯಿತು ಎಂಬುದು ತಮಗೂ ಕಾಣುತ್ತದೆ.

ಮುಖ್ಯವಾದ ಮಾತು ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಶುಲ್ಕಕ್ಕೂ ತೆರಿಗೆಗೂ ಇರುವ ವ್ಯತ್ಯಾಸವನ್ನು ಈ ದೇಶಕ್ಕೆ ಕಲಿಸಿದ ಕೇಸು ನಮ್ಮ ಉಡುಪಿಯದು. ಶಿರೂರು ಮಠದ ಸ್ವಾಮಿಗಳು ಹೂಡಿದ ಆ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಆಗಿನ ಮದ್ರಾಸ್ ಸರ್ಕಾರ ಮಠಗಳಿಂದ ಪಡೆಯುತ್ತಿದ್ದ ವಂತಿಗೆಯನ್ನು ತೆರಿಗೆ ಎಂದೇ ತೀರ್ಮಾನಿಸಿತು. ಹಣ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿತ್ತು, ಕೊಟ್ಟವರಿಗೆ ಸಲ್ಲುವ ಸೇವೆಗೂ ಅದಕ್ಕೂ ತಾಳಮೇಳವಿರಲಿಲ್ಲ ಎಂಬುದು ಕಾರಣ. ಸೇವೆಗೂ ಶುಲ್ಕಕ್ಕೂ ಪೈಸೆ ಪೈಸೆಯ ಲೆಕ್ಕ ಬೇಕಿಲ್ಲ ಎಂದು ನಂತರದ ತೀರ್ಪುಗಳು ಸಡಿಲಿಸಿದವು, ನಿಜ. ಆದರೂ ಮೂಲ ವಿಚಾರ ಇನ್ನೂ ಜೀವಂತವಿದೆ. ಹುಡುಕಾಟಕ್ಕೆಂದು ಜನ ಕೊಟ್ಟ ಹಣ ರೆಕಾರ್ಡ್ ರೂಮಿನ ಕಪಾಟಿಗೆ, ಗೆದ್ದಲಿನ ಔಷಧಿಗೆ, ಹರಿದ ಹಾಳೆಯ ದುರಸ್ತಿಗೆ, ಅಲ್ಲಿ ದುಡಿಯುವವರ ಭತ್ಯೆಗೆ ಹೋಗಬೇಕು. ಮುದ್ರಾಂಕ ಮತ್ತು ನೋಂದಣಿ ಈಗಾಗಲೇ ರಾಜ್ಯದ ದೊಡ್ಡ ವರಮಾನಗಳಲ್ಲೊಂದು. ಹಳೆಯ ದಾಖಲೆಯ ನಕಲನ್ನೂ ವರಮಾನದ ದಾರಿ ಮಾಡಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟಿನ ಕಟ್ಟೆ ಹತ್ತಿತು. ಅಲ್ಲಿನ ಫೆಡರಲ್ ಕೋರ್ಟುಗಳ ಕಡತಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ‘ಪೇಸರ್’ ಎಂಬ ವ್ಯವಸ್ಥೆ 2012ರಿಂದ ಪುಟಕ್ಕೆ 10 ಸೆಂಟ್ ಪಡೆಯುತ್ತಿದೆ. ಆ ಹಣವನ್ನು ಕಡತ ತೋರಿಸುವ ಖರ್ಚನ್ನು ಮೀರಿ ಬೇರೆ ಕೆಲಸಗಳಿಗೂ ಬಳಸಲಾಗಿದೆ ಎಂದು ಲಾಭದ ಉದ್ದೇಶವಿಲ್ಲದ ಮೂರು ಸಂಸ್ಥೆಗಳು 2016ರಲ್ಲಿ ದಾವೆ ಹೂಡಿದವು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಲವು ಬಳಕೆಗಳು ಕಾನೂನಿಗೆ ವಿರುದ್ಧ ಎಂದಿತು. ಕೊನೆಗೆ 12.5 ಕೋಟಿ ಡಾಲರಿನ ರಾಜಿಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಕೋರ್ಟುಗಳೇ ಪಡೆದ ಶುಲ್ಕಕ್ಕೆ ಕೋರ್ಟೇ ಲೆಕ್ಕ ಕೇಳಿದ ಪ್ರಸಂಗ ಇದು. ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲೇ ಸರಿಪಡಿಸಿಕೊಳ್ಳಬಹುದು.

ಸ್ಕ್ಯಾನ್ ಆದ ಮೇಲಿನ ದರದ ಬಗ್ಗೆಯೂ ಈಗಲೇ ಯೋಚಿಸಬೇಕು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ತೆಗೆದಿರಿಸಿದ್ದಾರೆ. ಅದರಲ್ಲಿ ಎರಡು ಸಾವಿರ ಕೋಟಿಗೂ ಮಿಕ್ಕಿ ಇರುವುದು ಕಡತಗಳ ಸ್ಕ್ಯಾನಿಂಗ್ ಮತ್ತು ಡಿಜಿಟಲೀಕರಣಕ್ಕೆ. ರಾಜ್ಯ ಸರ್ಕಾರ 2024ರಿಂದ ‘ಭೂ ಸುರಕ್ಷಾ’ ಹೆಸರಿನಲ್ಲಿ ತಹಶೀಲ್ದಾರ್ ಕಚೇರಿಗಳ ಅಭಿಲೇಖಾಲಯಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಇದು ಒಳ್ಳೆಯ ಕೆಲಸ, ತಮ್ಮಿಬ್ಬರಿಗೂ ನಾನು ಕೃತಜ್ಞ. ಆದರೆ ಆ ಖರ್ಚನ್ನು ಜನ ತೆರಿಗೆಯ ರೂಪದಲ್ಲಿ ಒಮ್ಮೆ ಕೊಟ್ಟಾಗಿದೆ. ಸ್ಕ್ಯಾನ್ ಆದ ಕಡತಕ್ಕೆ ಹುಡುಕಾಟದ ಶುಲ್ಕ ಮತ್ತೆ ಪಡೆಯಬಾರದು. ಇಂಡೆಕ್ಸನ್ನಂತೂ, ಅಂದರೆ ಯಾವ ಸರ್ವೆ ನಂಬರಿನ ಮೇಲೆ ಯಾವ ವರ್ಷ ಯಾವ ಪತ್ರ ಅಥವಾ ದಾವೆ ಎಂಬ ಪಟ್ಟಿಯನ್ನು, ಯಾರು ಬೇಕಾದರೂ ಪುಕ್ಕಟೆ ನೋಡುವಂತಿರಬೇಕು. ಹಾಗೆ ಮಾಡಿದ ದಿನ ದಾವೆಯ ನಂಬರು ಹೇಳಿ ಎಂದು ಆ ಹೆಣ್ಣುಮಗಳನ್ನು ಕೇಳುವ ಅಗತ್ಯ ಉಳಿಯುವುದಿಲ್ಲ.

ಕಲಬುರಗಿ, ಬೀದರ್, ರಾಯಚೂರು ಕಡೆಯವರ ಪರವಾಗಿ ಇನ್ನೊಂದು ಮಾತು. ನಿಜಾಮರ ಆಡಳಿತದ ಕಾಗದಗಳು ಉರ್ದುವಿನಲ್ಲಿವೆ. ಬೆಳಗಾವಿ, ಧಾರವಾಡ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯವು ಸಿಗುತ್ತವೆ. ನಕಲು ಕೈಗೆ ಬಂದ ಮೇಲೆ ಅದನ್ನು ಓದಿಸಿ ಕನ್ನಡಕ್ಕೆ ತರಿಸುವ ಖರ್ಚು ಪ್ರತ್ಯೇಕ. ಮೋಡಿ ಓದಬಲ್ಲವರು ಈಗ ವಿರಳ, ಅವರು ಹೇಳಿದ್ದೇ ದರ. 1956ರಲ್ಲಿ ರಾಜ್ಯಗಳು ಒಂದಾದಾಗ ಈ ಭಾಗದ ಜನ ತಮ್ಮ ದಾಖಲೆಗಳನ್ನೂ ಹೊತ್ತುಕೊಂಡೇ ಬಂದರು. ಜಿಲ್ಲಾ ನ್ಯಾಯಾಲಯಗಳಲ್ಲಿ ಮಾನ್ಯತೆ ಪಡೆದ ಅನುವಾದಕರ ಪಟ್ಟಿಯೊಂದು, ಪುಟಕ್ಕೆ ಗೊತ್ತಾದ ಒಂದು ದರ, ಇಷ್ಟಾದರೂ ಆಗಬೇಕು. ಮಂಗಳೂರಿನ ರೈತನಿಗಿಂತ ಯಾದಗಿರಿಯ ರೈತ ತನ್ನದೇ ಜಮೀನಿನ ಕಾಗದ ಓದಿಸಲು ಹೆಚ್ಚು ಕೊಡಬೇಕಾಗಿ ಬರಬಾರದು.

ದೂರದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ, ಆ ದಿನದ ಕೂಲಿ ತಪ್ಪುವುದು ನಿಂತಿಲ್ಲ. ‘ನಾಳೆ ಬನ್ನಿ’ ಎಂಬ ಒಂದು ಮಾತಿನ ಬೆಲೆ ಒಂದು ದಿನದ ಕೂಲಿ. ಅರ್ಜಿಯನ್ನು ಯಾವುದೇ ತಾಲ್ಲೂಕಿನಲ್ಲಿ ಕೊಟ್ಟು, ಕಡತ ಸಿಕ್ಕ ಮೇಲೆ ಮೊಬೈಲಿಗೆ ಸಂದೇಶ ಬಂದು, ನಕಲು ಅಂಚೆಯಲ್ಲಿ ಮನೆಗೆ ಬರುವಂತಾದರೆ ಬಡವರ ಪಾಲಿಗೆ ಅದೇ ದೊಡ್ಡ ರಿಯಾಯಿತಿ. ಸಕಾಲ ಕಾಯ್ದೆ 2012ರಿಂದ ನಡೆಯುತ್ತಿದೆ. ಗೊತ್ತಾದ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದು ಅದರಲ್ಲಿದೆ. ಹಳೆಯ ದಸ್ತಾವೇಜಿನ ಹುಡುಕಾಟಕ್ಕೂ ಕಾಲಮಿತಿ ಇಟ್ಟು, ಕೂಲಿ ಕಳೆದುಕೊಂಡವರಿಗೆ ಒಪ್ಪುವಷ್ಟು ಪರಿಹಾರವನ್ನು ಗೊತ್ತುಮಾಡಿ.

ಕಂದಾಯ ಸಚಿವರಲ್ಲಿ ನನ್ನ ಕೋರಿಕೆ: ನೋಂದಣಿ ಕಾಯ್ದೆಯ 79ನೇ ಕಲಮು ಹೇಳಿರುವ ದರಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ಹಾಕಿಸಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. 2004ರ ಹಿಂದಿನ ಇಂಡೆಕ್ಸುಗಳನ್ನು, ಪುಸ್ತಕಗಳಿಗಿಂತ ಮೊದಲೇ, ಕಂಪ್ಯೂಟರಿಗೆ ಹಾಕಿಸಿ. ರಿಜಿಸ್ಟ್ರಾರ್ ಜನರಲ್ ಅವರಲ್ಲಿ ಕೋರಿಕೆ: ಸ್ಥಿರಾಸ್ತಿಯ ದಾವೆಗಳಲ್ಲಿ ಪಕ್ಷಕಾರರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಮೂರನೆಯವರೆಂದು ಎಣಿಸದೆ, ವಂಶವೃಕ್ಷ ತೋರಿಸಿದರೆ ನಕಲು ಕೊಡುವಂತೆ ನಿಯಮ ತಿದ್ದುವ ಪ್ರಸ್ತಾವವನ್ನು ಮಾನ್ಯ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಿ. ಪ್ರತಿ ಪಾಲಿನ ದಾವೆಯ ಅಂತಿಮ ಡಿಕ್ರಿಯ ಒಂದು ನಕಲು ಇನ್ನು ಮುಂದೆ ತಾನಾಗಿ ನೋಂದಣಿ ಕಚೇರಿಗೆ ಹೋಗುವ ವ್ಯವಸ್ಥೆಯನ್ನು ತಾವಿಬ್ಬರೂ ಕೂತು ಮಾತಾಡಿ ಮಾಡಿದರೆ, ಮುಂದಿನ ತಲೆಮಾರಿಗೆ ಒಂದು ಬಾಗಿಲು ತಟ್ಟುವುದು ತಪ್ಪುತ್ತದೆ.

ಹುಡುಕಾಟ ಮತ್ತು ನಕಲಿನ ದರವನ್ನು ಮುಂದೆ ಪರಿಷ್ಕರಿಸುವಾಗ ಕರಡನ್ನು ಮೊದಲು ಪ್ರಕಟಿಸಿ. ಪ್ರತಿ ದರದ ಮುಂದೆ ಅದು ಯಾವ ಖರ್ಚಿಗೆ ಎಂದು ಬರೆಯಿರಿ. ಜನರಿಂದ, ವಕೀಲರ ಸಂಘಗಳಿಂದ, ಪತ್ರ ಬರಹಗಾರರಿಂದ, ರೆಕಾರ್ಡ್ ರೂಮಿನ ನೌಕರರಿಂದಲೂ ಆಕ್ಷೇಪಣೆ ಮತ್ತು ಸಲಹೆ ಕೇಳಿ. ನನ್ನ ಸಲಹೆಯನ್ನು ಲಿಖಿತವಾಗಿ, ನಮ್ಮ ತಾಲ್ಲೂಕಿನ ಕಕ್ಷಿದಾರರ ಅನುಭವಗಳೊಂದಿಗೆ ಸಲ್ಲಿಸಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲ